ಆಡು ಕೋಳಿ ಕೂಡಿಟ್ಟವಳು

ಅವಳ ದೊಡ್ಡಿಯೊಳಗೆ ಕಾಲಿಡುವವರು ಮೊದಲು ಬಾಗಿಲಲ್ಲಿ ನಿಂತು ಕೆಮ್ಮಬೇಕಿತ್ತು. ಸರ್ಕಾರದ ಮನುಷ್ಯನಾದರೂ ಅಷ್ಟೇ, ಮನೆಯ ಬೀಗನಾದರೂ ಅಷ್ಟೇ. ಮೊದಲ ಸಲ ಹೋದಾಗ ನನಗಿದು ಗೊತ್ತಿರಲಿಲ್ಲ. ಔಷಧದ ಚೀಲ ಹೆಗಲಿಗೆ ಹಾಕಿಕೊಂಡು ನೇರ ಒಳಗೆ ನುಗ್ಗಿದೆ. ಗಳದ ಮೇಲೆ ಕೂತಿದ್ದ ಕೋಳಿಗಳು ರೆಕ್ಕೆ ಬಡಿದು ಎದ್ದವು, ಆಡುಗಳು ಮೂಲೆಗೆ ಒತ್ತರಿಸಿಕೊಂಡವು, ಹುಂಜವೊಂದು ನನ್ನ ತಲೆ ಸವರಿಕೊಂಡು ಹೊರಗೆ ಹಾರಿತು. ಕಸ ಗುಡಿಸುತ್ತಿದ್ದವಳು ನಡು ನೆಟ್ಟಗೆ ಮಾಡಿ ನನ್ನನ್ನು ನೋಡಿದಳು.

“ಮಂದಿ ಮನಿಗಿ ಹಿಂಗs ಹೋಗ್ತೀರೇನ್ರಿ ಸಾಹೇಬ್ರ? ಹೊರಗ ಹೋಗಿ ಕೆಮ್ಮಿ ಬರ್ರಿ.”

ನಾನು ಹೊರಗೆ ಹೋಗಿ, ಕೆಮ್ಮಿ, ಮತ್ತೆ ಒಳಗೆ ಬಂದೆ. ಒಂದು ಪ್ರಾಣಿಯೂ ಮಿಸುಕಲಿಲ್ಲ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಅವಳಿಗೆ ನಾನು ಸಾಹೇಬನಾಗಿ ಉಳಿಯಲಿಲ್ಲ. ಮೂರನೆಯದೋ ನಾಲ್ಕನೆಯದೋ ಭೇಟಿಗೆ ತಮ್ಮ ಆದೆ, ಅವಳು ನನಗೆ ಅಕ್ಕ ಆದಳು.

ಸುರಪುರ ತಾಲೂಕಿನಲ್ಲಿ, ಕಕ್ಕೇರಾದಿಂದ ತಿಂಥಣಿಯ ಕಡೆಗೆ ಹೋಗುವ ದಾರಿ ಬಿಟ್ಟು ಒಳಗೆ ಸರಿದರೆ, ಹೊಳೆಗೆ ಹತ್ತಿರದಲ್ಲಿ ಅವಳ ಊರು. ಅಲ್ಲಿನ ದನದ ದವಾಖಾನೆಯಲ್ಲಿ ನಾನು ಏಳು ವರ್ಷ ಇದ್ದೆ. ಜನ ಡಾಕ್ಟರ್ ಎಂದು ಕರೆಯುತ್ತಿದ್ದರೂ ನಾನು ಡಾಕ್ಟರ್ ಅಲ್ಲ. ಡಾಕ್ಟರು ಸುರಪುರದಲ್ಲಿ ಇರುತ್ತಿದ್ದರು. ಸೂಜಿ, ಔಷಧ ಹಿಡಿದುಕೊಂಡು ಬೈಕಿನ ಮೇಲೆ ಊರೂರು ತಿರುಗುವ ನೌಕರ ನಾನು. ಈಗ ಯಾದಗಿರಿಯಲ್ಲಿದ್ದೇನೆ. ಬರುವ ವರ್ಷ ನಿವೃತ್ತಿ.

ಕಳೆದ ತಿಂಗಳು ಅವಳು ತೀರಿಕೊಂಡಳು. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಒಮ್ಮೆ ಒಂದು ಸರ್ಕಾರಿ ಕಾಗದದಲ್ಲಿ ಬರೆದು ಅದರ ಮುಂದೆ ಸುಳ್ಳು ಬರೆದಿದ್ದೇನೆ. ಎರಡನೇ ಸಲ ಬರೆಯಲು ಕೈ ಬರುವುದಿಲ್ಲ.

ಅವಳು ಎತ್ತರದ ಹೆಂಗಸು. ದೊಡ್ಡಿಯ ಬಾಗಿಲು ಗಿಡ್ಡ. ದಿನಕ್ಕೆ ಹತ್ತಾರು ಸಲ ಬಗ್ಗಿ ಬಗ್ಗಿ ಒಳಹೊರಗೆ ಮಾಡಿದ್ದಕ್ಕೋ ಏನೋ, ಬಯಲಿನಲ್ಲಿ ನಡೆಯುವಾಗಲೂ ತಲೆಯನ್ನು ಸ್ವಲ್ಪ ತಗ್ಗಿಸಿಯೇ ನಡೆಯುತ್ತಿದ್ದಳು. ಗಂಡ ಬಹಳ ಹಿಂದೆಯೇ ಹೋಗಿದ್ದ. ಒಬ್ಬಳೇ ಮಗಳು, ಮುದನಾಳಕ್ಕೆ ಕೊಟ್ಟಿದ್ದಳು. ಎರಡೆಕರೆ ಹೊಲ, ಹನ್ನೊಂದು ಆಡು, ಇಪ್ಪತ್ತರ ಆಸುಪಾಸು ಕೋಳಿ. ಯಾರ ಜೊತೆ ಮಾತಾಡುವಾಗಲೂ ಅವಳ ಒಂದು ಕೈ ಹತ್ತಿರದಲ್ಲಿ ನಿಂತ ಆಡಿನ ಕಿವಿಯ ಮೇಲೆ ಇರುತ್ತಿತ್ತು. ಎರಡು ಬೆರಳಿನ ನಡುವೆ ಆ ಕಿವಿಯನ್ನು ತಿಕ್ಕುತ್ತಾ ಯೋಚನೆ ಮಾಡುತ್ತಿದ್ದಳು. ಆಡು ಇಲ್ಲದ ಕಡೆ, ನಮ್ಮ ದವಾಖಾನೆಗೆ ಬಂದಾಗ, ಆ ಕೈಗೆ ಏನು ಮಾಡಬೇಕೆಂದು ತಿಳಿಯದೆ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದಳು.

ಆ ಊರಿನಲ್ಲಿ ಆಡು ಸಾಕಿದವರು ಬಹಳ ಮಂದಿ, ಕೋಳಿ ಸಾಕಿದವರು ಅದಕ್ಕೂ ಹೆಚ್ಚು. ಆದರೆ ಎರಡನ್ನೂ ಒಂದೇ ಸೂರಿನ ಕೆಳಗೆ ಇಟ್ಟವಳು ಅವಳೊಬ್ಬಳೇ. ಕಲ್ಲಿನ ಗೋಡೆ, ಮೇಲೆ ತಗಡು. ಕೆಳಗೆ ಆಡು, ಮೇಲೆ ಅಡ್ಡ ಕಟ್ಟಿದ ಬಿದಿರಿನ ಗಳದ ಮೇಲೆ ಕೋಳಿ. ಕೋಳಿಯ ಹೊಲಸು ಮೇವಿನ ಮೇಲೆ ಬೀಳದಂತೆ ಗಳದ ಕೆಳಗೆ ಉದ್ದಕ್ಕೂ ಒಂದು ತಗಡನ್ನು ಓರೆಯಾಗಿ ಕಟ್ಟಿದ್ದಳು. ಆಡಿನ ನೀರು ಎತ್ತರದ ಕಲ್ಲುದೋಣಿಯಲ್ಲಿ, ಕೋಳಿಯ ನೀರು ಹೊರಗೆ ಮಣ್ಣಿನ ತಟ್ಟೆಯಲ್ಲಿ. ಮೊಟ್ಟೆ ಇಡಲು ಗೋಡೆಗೆ ತೂಗುಹಾಕಿದ ಹಳೆಯ ಬುಟ್ಟಿಗಳು. ಬೆಳಗ್ಗೆ ಆಡು ಮೇಯಲು ಹೋದ ಮೇಲೆಯೇ ಕೋಳಿಗಳಿಗೆ ಜೋಳದ ನುಚ್ಚು ಚೆಲ್ಲುತ್ತಿದ್ದಳು. ಅವು ತಿಂದು ಮುಗಿಸಿದ ಮೇಲೆ ಒಂದು ಕಾಳೂ ಉಳಿಯದಂತೆ ಗುಡಿಸುತ್ತಿದ್ದಳು. ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ, ಕೆಟ್ಟು, ತಿದ್ದಿ, ತಾನೇ ಕಲಿತದ್ದು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ.

“ನಮ್ಮಪ್ಪ ಹರಿಗೋಲು ಹಾಕ್ತಿದ್ದ ತಮ್ಮಾ,” ಎಂದಳು. “ನಾ ಸಣ್ಣಾಕಿದ್ದಾಗ ಒಂದು ವರ್ಷ ಹೊಳಿ ಮನಿಗಿ ಬಂತು. ಆಡು, ಕೋಳಿ, ನಾವು, ಎಲ್ಲಾ ಕೂಡಿ ಒಂದು ದಿಬ್ಬದ ಮ್ಯಾಲ ಮೂರು ದಿನ ಕುಂತಿದ್ವಿ. ಮಳಿ ಅಂದ್ರ ಮಳಿ. ಕೋಳಿ ಎಲ್ಲಾ ಆಡಿನ ಹೊಟ್ಟಿ ಕೆಳಗ ಹೋಗಿ ಕುಂತ್ವು. ಒಂದೂ ಸಾಯಲಿಲ್ಲ. ಅವಾಗಿಂದ ನಂಗ ಅವನ್ನ ಬ್ಯಾರೆ ಮಾಡಾಕ ಮನಸ್ಸs ಬರಂಗಿಲ್ಲ.”

ಆಮೇಲೆ ಮತ್ತೊಂದು ಕಾರಣ ಹೇಳಿದಳು. “ಹಾವು ಬಂದ್ರ ಕೋಳಿಗಿ ಮೊದ್ಲ ಗೊತ್ತಾಗ್ತದ. ಕೋಳಿ ಕೂಗಿದ್ರ ಆಡು ಏಳ್ತಾವ. ಆಡು ಎದ್ರ ನಾ ಏಳ್ತೀನಿ.”

ಅವಳ ಹಿಂಡಿನಲ್ಲಿ ಕಿವಿ ಹರಿದ ಕಂದು ಆಡೊಂದಿತ್ತು. ಒಂದು ಬಿಳಿ ಕೋಳಿ ಯಾವಾಗಲೂ ಅದರ ಬೆನ್ನ ಮೇಲೆ. ಚಳಿಗಾಲದ ಬೆಳಗ್ಗೆ ಆಡು ಹೊರಗೆ ಬಂದು ಬಿಸಿಲಿಗೆ ನಿಂತರೆ, ಕೋಳಿ ಅದರ ಕಿವಿಯೊಳಗಿನ ಉಣ್ಣೆಹುಳಗಳನ್ನು ಒಂದೊಂದೇ ಹೆಕ್ಕಿ ತಿನ್ನುತ್ತಿತ್ತು. ಆಡು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿತ್ತು. ನಾನು ಅದರ ಫೋಟೋ ತೆಗೆದು ಮೇಲಿನ ಅಧಿಕಾರಿಗಳಿಗೆ ಕಳಿಸಿದೆ. ಎಲ್ಲ ತೊಂದರೆ ಶುರುವಾದದ್ದು ಆ ಫೋಟೋದಿಂದ. ಅಲ್ಲ, ಹಾಗೆ ಹೇಳಿದರೆ ತಪ್ಪು ಫೋಟೋದ ಮೇಲೆ ಹೋಗುತ್ತದೆ. ಶುರುವಾದದ್ದು ನನ್ನಿಂದ.

ಅಧಿಕಾರಿಗಳಿಗೆ ಫೋಟೋ ಹಿಡಿಸಿತು. ಸಣ್ಣ ರೈತರಿಗೆ ಮಾದರಿ, ಬಂದು ನೋಡುತ್ತೇವೆ ಎಂದರು. ಅವಳಿಗೆ ಸುಧಾರಿತ ತಳಿಯ ಕೋಳಿಮರಿಗಳೂ ಅವಕ್ಕೆ ಎರಡು ಚೀಲ ದಾಣಿ, ಅಂದರೆ ಪುಡಿಮಾಡಿದ ಕಾಳಿನ ಆಹಾರವೂ ಮಂಜೂರಾದವು; ಮರಿಗಳು ಭೇಟಿಯ ದಿನ ಬರುವವಿದ್ದವು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಕೆಲಸ ನೋಡಲು ಯಾರೂ ಬಂದಿರಲಿಲ್ಲ. ಭೇಟಿಗೆ ಎರಡು ದಿನ ಮುಂಚೆ ಗಾಡಿಯಲ್ಲಿ ದಾಣಿಯ ಚೀಲಗಳನ್ನು ತಂದು ಇಳಿಸಿದೆ. ಅವಳು ಚೀಲಗಳನ್ನು ಮನೆಯೊಳಗೆ ಒಯ್ಯಲು ಹೊರಟಳು.

“ಬ್ಯಾಡಕ್ಕ, ದೊಡ್ಡಿಯಾಗs ಇರಲಿ. ಸಾಹೇಬ್ರು ಬಂದಾಗ ಕಣ್ಣಿಗಿ ಬೀಳಬೇಕು.”

ಅವಳು ನಿಂತಳು. ಕೈ ಎಂದಿನಂತೆ ಒಂದು ಆಡಿನ ಕಿವಿಗೆ ಹೋಯಿತು.

“ಆಡು ಬಾಯಿ ಹಾಕಿದ್ರ ತಮ್ಮಾ?”

ಆ ಹೊತ್ತಿಗೆ ನನ್ನ ಫೋನು ಬಡಿಯುತ್ತಿತ್ತು. ಭೇಟಿಯ ದಿನ ಊಟಕ್ಕೆ ಏನು ವ್ಯವಸ್ಥೆ ಎಂದು ಕೇಳಲು ಕಚೇರಿಯಿಂದ ಯಾರೋ. ಫೋನನ್ನು ಕಿವಿಗೆ ಹಿಡಿಯುತ್ತಲೇ ಅವಳಿಗೆ ಹೇಳಿದೆ:

“ಏನೂ ಆಗಂಗಿಲ್ಲಕ್ಕ. ಕಾಳs ಅಲ್ಲೇನು.”

ಆಡಿನ ಹೊಟ್ಟೆಗೆ ಕೋಳಿಯ ದಾಣಿ ವಿಷ. ಸೊಪ್ಪು, ಹುಲ್ಲು ಅರಗಿಸುವ ಹೊಟ್ಟೆ ಅದು. ಪುಡಿಮಾಡಿದ ಕಾಳು ಒಮ್ಮೆಲೇ ಹೊಟ್ಟೆ ತುಂಬ ಬಿದ್ದರೆ ಒಳಗೇ ಹುಳಿಯಾಗಿ ಉಬ್ಬುತ್ತದೆ, ರಕ್ತವೇ ಹುಳಿಯಾಗುತ್ತದೆ. ನಮ್ಮ ತರಬೇತಿಯಲ್ಲಿ ಮೊದಲ ತಿಂಗಳು ಹೇಳಿಕೊಡುವ ಪಾಠ. ನನಗೆ ಗೊತ್ತಿತ್ತು. ಅವಳಿಗೂ ತನ್ನದೇ ರೀತಿಯಲ್ಲಿ ಗೊತ್ತಿತ್ತು, ಅದಕ್ಕೇ ಕೇಳಿದಳು. ಗೊತ್ತಿಲ್ಲದವನ ಹಾಗೆ ಉತ್ತರ ಕೊಟ್ಟವನು ನಾನು. ಸಾಲದ್ದಕ್ಕೆ ಹೊರಡುವಾಗ ಇನ್ನೊಂದು ಮಾತು ಹೇಳಿ ಹೊರಟೆ: ನಾಳೆಯಿಂದ ಆಡು ಹೊರಗೆ ಬಿಡಬೇಡ, ಮೈಗೆ ಮುಳ್ಳು ಕೆಸರು ಹತ್ತುತ್ತದೆ, ಭೇಟಿ ಮುಗಿಯುವವರೆಗೆ ದೊಡ್ಡಿಯಲ್ಲೇ ಇರಲಿ.

ಮರುದಿನ ಅವಳು ದೊಡ್ಡಿಗೆ ಬಳಿಯಲು ಸುಣ್ಣ ತರಲೆಂದು ಕಕ್ಕೇರಾಕ್ಕೆ ಹೋದಳು. ಹಸಿದ ಹನ್ನೊಂದು ಆಡು, ಎರಡು ಚೀಲ ದಾಣಿ, ಮುಚ್ಚಿದ ಬಾಗಿಲು. ಮಧ್ಯಾಹ್ನ ವಾಪಸು ಬಂದವಳು ನನಗೆ ಫೋನ್ ಮಾಡಿದಳು.

“ಒಂದು ಚೀಲ ಹರದು ತಿಂದಾವ ತಮ್ಮಾ. ಅರ್ಧಕ್ಕಿಂತ ಜಾಸ್ತಿ ಖಾಲಿ ಆಗ್ಯದ. ನೀ ಈಗ ಬರ್ತೀಯೇನು?”

ನಾನು ಸುರಪುರದಲ್ಲಿದ್ದೆ. ಡಾಕ್ಟರು ಒಂದು ಕಾಗದಕ್ಕೆ ಸಹಿ ಹಾಕುವುದನ್ನು ಕಾಯುತ್ತಿದ್ದೆ. “ನೀರು ಕುಡಸಬ್ಯಾಡ. ಫಿಕರ್ ಮಾಡಬ್ಯಾಡಕ್ಕ, ಏನೂ ಆಗಂಗಿಲ್ಲ. ಮುಂಜಾನಿ ಜಲ್ದಿ ಬರ್ತೀನಿ” ಎಂದೆ. ಒಂದೇ ಮಾತನ್ನು ಎರಡನೆಯ ಸಲ ಹೇಳಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. “ಆತು” ಎಂದಳು. ಫೋನು ಇಟ್ಟಳು.

ಬೆಳಗ್ಗೆ ಹೋದೆ. ಬಾಗಿಲಲ್ಲಿ ಕೆಮ್ಮಿದೆ. ಒಳಗಿನಿಂದ ಆಡಿನ ದನಿಯೇ ಇಲ್ಲ.

ನಾಲ್ಕು ಆಡು ಆಗಲೇ ಸತ್ತಿದ್ದವು. ಮೂರು ಅಡ್ಡ ಬಿದ್ದು ಹಲ್ಲು ಕಡಿಯುತ್ತಿದ್ದವು. ನೋವು ತಡೆಯಲಾರದ ಆಡು ಕೂಗುವುದಿಲ್ಲ, ಹಲ್ಲು ಕಡಿಯುತ್ತದೆ. ಕಲ್ಲಿನ ಮೇಲೆ ಕಲ್ಲು ಎಳೆದಂಥ ಸದ್ದು. ದೊಡ್ಡಿಯ ತುಂಬ ಹುಳಿ ವಾಸನೆ. ಅವಳು ಕಿವಿ ಹರಿದ ಆಡಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಅದರ ಹೊಟ್ಟೆಯಲ್ಲಿ ಮರಿಯಿತ್ತು. ಬಿಸಿಲು ಏರಿದ್ದರೂ ಕೋಳಿಗಳು ಗಳದ ಮೇಲೇ ಇದ್ದವು. ಕೂತಲ್ಲಿಂದ ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿದ್ದವು.

“ಕೆಳಗ ಇಳಿಯವಲ್ಲು,” ಎಂದಳು.

ತಿನ್ನುವ ಸೋಡಾ ನೀರಿನಲ್ಲಿ ಕಲಸಿ ಕುಡಿಸಿದೆ. ಸಲಾಯಿನ್ ಹಚ್ಚಿದೆ. ನನ್ನ ಚೀಲದಲ್ಲಿದ್ದದ್ದನ್ನೆಲ್ಲ ಹಾಕಿದೆ. ಹಿಂದಿನ ದಿನ ಮಧ್ಯಾಹ್ನವೇ ಬಂದಿದ್ದರೆ ಅರ್ಧವಾದರೂ ಉಳಿಯುತ್ತಿದ್ದವು ಎಂಬುದು ಸೂಜಿ ಹಿಡಿದ ಕೈಗೆ ಗೊತ್ತಿತ್ತು. ಕಿವಿ ಹರಿದ ಆಡು ಅವಳ ತೊಡೆಯ ಮೇಲೇ ಹೋಯಿತು. ಅದರ ಹಿಂದೆ ಉಳಿದೆರಡೂ ಹೋದವು. ಒಟ್ಟು ಏಳು.

ಆಗ ಮತ್ತೆ ಫೋನು ಬಂತು. ಅಧಿಕಾರಿಗಳು ಯಾದಗಿರಿ ಬಿಟ್ಟಿದ್ದಾರಂತೆ. ನಾನು ದೊಡ್ಡಿಯ ಹೊರಗೆ ಬಂದೆ. ಪಕ್ಕದ ಮನೆಯ ಹೆಂಗಸು ತನ್ನ ಅಂಗಳದಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು. ಏನು ಹೇಳಲಿ? ನಾನೇ ತಂದಿಟ್ಟ ದಾಣಿ ತಿಂದು ಸತ್ತವು ಎಂದು ಹೇಳಲೇ? ಬಾಯಿಗೆ ಬಂದದ್ದು ಬೇರೆ.

“ಸರ್, ಬರಬ್ಯಾಡ್ರಿ ಸರ್. ದೊಡ್ಡಿಯಾಗ ರೋಗ ಬಂದದ್ರಿ. ಕರುಳುಬ್ಯಾನಿ ಇರಬೇಕು. ಅಂಟುರೋಗ ಕಾಣ್ತದ್ರಿ.”

ಪಕ್ಕದ ಮನೆಯವಳು ಅದನ್ನು ಕೇಳಿದಳು. ಕೇಳಿದವಳೇ ತನ್ನ ಆಡುಗಳನ್ನು ಅಂಗಳದಿಂದ ಒಳಗೆ ಹೊಡೆದುಕೊಂಡಳು.

ನಾನು ಒಳಗೆ ಹೋಗಿ, ಹರಿದ ಚೀಲವನ್ನು ಮಡಚಿ, ಉಳಿದ ದಾಣಿಯ ಸಮೇತ ಬೈಕಿಗೆ ಕಟ್ಟತೊಡಗಿದೆ. ಅವಳು ಸತ್ತ ಆಡಿನ ತಲೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿ ಬಾಗಿಲಿಗೆ ಬಂದಳು.

“ಆ ಚೀಲ ಯಾಕ ಒಯ್ಯಾಕತ್ತಿ ತಮ್ಮಾ?”

“ರೋಗ ಅಂಟಿರ್ತದಕ್ಕ. ಸುಡಬೇಕು.”

ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ಅಲ್ಲ. ಆದರೆ ಅಷ್ಟು ಹೊತ್ತು ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

“ಹೂಂ,” ಎಂದಳು. “ಸುಡು.”

ಊರಿನ ಬಾಯಿಗೆ ಸುದ್ದಿ ಸಿಕ್ಕಿತು. ನಾನು ರೋಗ ಎಂದಿದ್ದೆ. ಎಲ್ಲಿಂದ ಬಂತು ಎಂಬುದನ್ನು ಜನ ತಾವೇ ಕಂಡುಹಿಡಿದರು. ಆಡು ಕೋಳಿ ಕೂಡಿ ಇಟ್ಟಳಲ್ಲ, ಅದಕ್ಕೇ ಬಂತು. ಅವಳ ಹೆಮ್ಮೆಯೇ ಅವಳ ಅಪರಾಧವಾಯಿತು. ಅವಳ ಆಡುಗಳು ಹೊಳೆಗೆ ಇಳಿಯುವ ದಾರಿಗೆ ಮುಳ್ಳುಬೇಲಿ ಬಿತ್ತು. ಮೊಟ್ಟೆ ಕೊಳ್ಳಲು ಮನೆಗೇ ಬರುತ್ತಿದ್ದವರು ಬರುವುದನ್ನು ಬಿಟ್ಟರು. ಒಂದು ದಿನ ಊರ ಕಟ್ಟೆಯಲ್ಲಿ ನಾಲ್ಕು ಮಂದಿ ನನ್ನ ಬೈಕು ನಿಲ್ಲಿಸಿದರು.

“ಖರೇನೇನ್ರಿ ಸಾಹೇಬ್ರ, ಕೋಳಿಯಿಂದ ಆಡಿಗಿ ಬಂತಂತ?”

ಅವಳೂ ಅಲ್ಲಿದ್ದಳು. ನೀರಿನ ಕೊಡ ಹೊತ್ತುಕೊಂಡು ಹೋಗುತ್ತಿದ್ದವಳು ನಿಂತಿದ್ದಳು. ಈಗಲಾದರೂ ಹೇಳಬಹುದಿತ್ತು. ಆದರೆ ಕಾಗದದಲ್ಲಿ ಕರುಳುಬೇನೆ ಎಂದು ಬರೆದು ಸಹಿ ಹಾಕಿ ಕಳಿಸಿಯಾಗಿತ್ತು.

“ಇರಬಹುದು,” ಎಂದೆ. “ಬ್ಯಾರೆ ಬ್ಯಾರೆ ಇಡೋದು ಚೊಲೊ.”

ಅವಳು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೋದಳು. ಮರುದಿನ ನೋಡಿದರೆ ದೊಡ್ಡಿಯ ನಡುವೆ ಈಚಲ ಚಾಪೆಯ ಗೋಡೆ ಕಟ್ಟಿದ್ದಳು. ಆ ಕಡೆ ಕೋಳಿ, ಈ ಕಡೆ ಉಳಿದ ನಾಲ್ಕು ಆಡು. ಊರಿನವರು ಬಂದು ನೋಡಿ, ಈಗ ಸರಿಯಾಯಿತು ಎಂದು ಹೋದರು. ನಾನು ಹೋದಾಗ ಆಡುಗಳು ಆ ಚಾಪೆಗೆ ಮೈ ಒತ್ತಿಕೊಂಡು ಮಲಗಿದ್ದವು. ಇನ್ನೊಂದು ಬದಿಯಿಂದ ಕೋಳಿಗಳೂ ಅದಕ್ಕೇ ಒತ್ತಿಕೊಂಡು ಕೂತಿದ್ದವು. ಚಾಪೆ ಎರಡೂ ಕಡೆಯಿಂದ ಉಬ್ಬಿತ್ತು. ಗಳದ ಮೇಲೆ ಒಂದು ಕೋಳಿಯೂ ಇರಲಿಲ್ಲ. ಒಂದು ತಿಂಗಳಿಗೆ ಅವಳು ಚಾಪೆಯನ್ನು ಬಿಚ್ಚಿ ಒಲೆಗೆ ಹಾಕಿದಳು. ಊರಿನವರು ಮತ್ತೆ ಮಾತಾಡಿದರು.

ನಾಲ್ಕು ಆಡು ಆರಾದವು, ಒಂಬತ್ತಾದವು. ಮರಿಗಳನ್ನು ಊರಿನಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ; ಬೇಲಿಯನ್ನು ಸುತ್ತುಹಾಕಿ ಕಕ್ಕೇರಾದ ಸಂತೆಗೆ ನಡೆಸಿಕೊಂಡು ಹೋಗುತ್ತಿದ್ದಳು. ನಾನು ವಾರಕ್ಕೊಮ್ಮೆ ತಪ್ಪದೆ ಅವಳ ದೊಡ್ಡಿಗೆ ಹೋಗುತ್ತಿದ್ದೆ. ಬೇರೆಯವರಿಗಿಂತ ಮೊದಲು ಅವಳ ಆಡುಗಳಿಗೆ ಲಸಿಕೆ ಹಾಕುತ್ತಿದ್ದೆ, ಒಳ್ಳೆಯ ಔಷಧ ಬಂದರೆ ಅವಳಿಗೆಂದು ತೆಗೆದಿಡುತ್ತಿದ್ದೆ. ಅವಳು ಎಂದೂ ಮುಖ ತಿರುಗಿಸಲಿಲ್ಲ. ಮಜ್ಜಿಗೆ ಕೊಡುತ್ತಿದ್ದಳು, ಕೂರಲು ಚೀಲ ಹಾಸುತ್ತಿದ್ದಳು. ಆದರೆ ನಾನು ಏನೇ ಔಷಧ ಕೊಟ್ಟರೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೇಳುತ್ತಿದ್ದಳು: “ಏನೂ ಆಗಂಗಿಲ್ಲ ಅಲ್ಲ ತಮ್ಮಾ?” ಚುಚ್ಚುವ ದನಿ ಅಲ್ಲ ಅದು. ತಾಯಿಯೊಬ್ಬಳು ದವಾಖಾನೆಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದಳು.

ಒಂದು ಸಲ ಹೇಳಲು ಹೊರಟೆ. ವರ್ಗಾವಣೆಯ ಆದೇಶ ಬಂದಿತ್ತು. ಇನ್ನೆರಡು ದಿನಕ್ಕೆ ಆ ಊರು ಬಿಡುವವನಿದ್ದೆ. ಅವಳು ದೊಡ್ಡಿಯ ಹೊರಗೆ ಒಂದು ಸಣ್ಣ ಮರಿಯನ್ನು ಹಿಡಿದುಕೊಂಡು ಕೂತಿದ್ದಳು.

“ಅಕ್ಕಾ, ಅವತ್ತು ಆ ಆಡು ಸತ್ತದ್ದು…”

“ಆ ಮಾತು ಬ್ಯಾಡ,” ಎಂದಳು. ತಕ್ಷಣ ಹೇಳಿದಳು, ನಾನು ಯಾವಾಗ ಬಾಯಿ ತೆರೆಯುತ್ತೇನೆಂದು ಕಾದವಳ ಹಾಗೆ. “ಈ ಮರಿ ನೋಡು. ನಿನ್ನಿಯಿಂದ ನೀರು ನೀರು ಹೇಲಾಕತ್ತದ.”

ಮರಿಯನ್ನು ನೋಡಿದೆ. ಔಷಧ ಕೊಟ್ಟೆ. ಬೈಕ್ ಹತ್ತುವಾಗ ಎದೆ ಹಗುರವಾಗಿತ್ತು. ಗೊತ್ತಿದ್ದೂ ಕ್ಷಮಿಸಿದ್ದಾಳೆ, ದೊಡ್ಡ ಮನಸ್ಸಿನ ಹೆಂಗಸು ಎಂದುಕೊಂಡೆ. ಎಷ್ಟೋ ವರ್ಷ ಆ ಮಾತನ್ನು ನನಗೆ ನಾನೇ ಹೇಳಿಕೊಂಡು ದಿನ ದೂಡಿದ್ದೇನೆ.

ಆದರೂ ಆಡುಗಳು ಹಲ್ಲು ಕಡಿದ ಆ ಸದ್ದು ಮಾತ್ರ ಬಿಡಲಿಲ್ಲ. ಮನೆಯಲ್ಲಿ ಯಾರಾದರೂ ಹುರಿಗಡಲೆ ಅಗಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಹೆಂಡತಿಗೆ ಕಾರಣ ಹೇಳಿಲ್ಲ. ಈಗ ನಮ್ಮ ಮನೆಗೆ ಹುರಿಗಡಲೆ ಬರುವುದಿಲ್ಲ. ದೋಸೆ ಹಿಟ್ಟು ಹುಳಿ ಬಂದ ದಿನ ಅಡುಗೆಮನೆಗೆ ಹೋಗುವುದಿಲ್ಲ. ಯಾದಗಿರಿಯ ನನ್ನ ಮನೆಯಲ್ಲಿ ಮಧ್ಯಾಹ್ನ ಸುಮ್ಮನೆ ಕೂತಿರುವಾಗ, ತಲೆಯ ಮೇಲೆ ಯಾವುದೋ ಗಳದಿಂದ ಏನೋ ಕತ್ತು ಬಗ್ಗಿಸಿ ನನ್ನನ್ನು ನೋಡುತ್ತಿದೆ ಎನಿಸಿ ಮೇಲೆ ನೋಡುತ್ತೇನೆ. ಫ್ಯಾನು ಇರುತ್ತದೆ, ಅಷ್ಟೇ.

ವರ್ಗವಾದ ಮೇಲೂ ಅವಳು ಫೋನ್ ಮಾಡುತ್ತಿದ್ದಳು. ಆಡಿಗೆ ಬಾಯಿಹುಣ್ಣು, ಕೋಳಿಗೆ ಕಣ್ಣೂತ, ಏನಾದರೊಂದು. ಹೊಸಬರು ಅವಳ ದೊಡ್ಡಿಗೆ ಹೋಗಲು ಹಿಂಜರಿಯುತ್ತಿದ್ದರು. ಕಾಗದದಲ್ಲಿ ಅದು ರೋಗದ ದೊಡ್ಡಿ. ಹಾಗಾಗಿ ರಜೆಯ ದಿನ ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಕಳೆದ ತಿಂಗಳು ಅವಳ ನಂಬರಿನಿಂದ ಫೋನು ಬಂದಾಗ ಯಾವ ಆಡಿಗೆ ಏನಾಯಿತೋ ಎಂದುಕೊಂಡೇ ಎತ್ತಿದೆ. ಮಗಳ ದನಿ.

“ಅವ್ವ ಹೋದ್ಳರಿ. ನಿನ್ನಿ ಮಣ್ಣು ಮಾಡಿದ್ವಿ. ನಿಮಗ ಹೇಳಬೇಕಂತ ಮಾಡೀನಿ.”

ಎರಡು ದಿನ ಬಿಟ್ಟು ಬೈಕಿನಲ್ಲೇ ಹೋದೆ. ಮಗಳು ದೊಡ್ಡಿಯ ಮುಂದೆ ಕೂತಿದ್ದಳು. ಈಗ ಅವಳಿಗೂ ಮೂವತ್ತು ದಾಟಿದೆ, ತಾಯಿಯಷ್ಟೇ ಎತ್ತರ. ಹದಿಮೂರು ಆಡು, ಹತ್ತಿಪ್ಪತ್ತು ಕೋಳಿ. ಮುದನಾಳದ ಅವಳ ಮನೆಯಲ್ಲಿ ಅಷ್ಟಕ್ಕೂ ಜಾಗವಿಲ್ಲ. ಅರ್ಧವನ್ನಾದರೂ ಇಲ್ಲೇ ಮಾರೋಣ ಎಂದು ಕೇಳಿದರೆ ಊರಿನಲ್ಲಿ ಒಬ್ಬರೂ ಮುಂದೆ ಬಂದಿಲ್ಲ.

“ಇನ್ನೂ ಅದs ಮಾತು ಆಡ್ತಾರ್ರಿ. ರೋಗದ ದೊಡ್ಡಿ ಅಂತ.”

“ನಾ ಹೇಳ್ತೀನವ್ವ ಅವರಿಗಿ, ಈಗ ರೋಗ ಏನೂ ಇಲ್ಲ ಅಂತ.”

ಅವಳು ತಲೆ ಎತ್ತಿದಳು. “ಅವಾಗೂ ಇದ್ದಿದ್ದಿಲ್ಲಲ್ರಿ.”

ನಾನು ಅವಳೆದುರು ನೆಲದ ಮೇಲೆ ಕೂತೆ.

“ಅವತ್ತು ಸುದ್ದಿ ಕೇಳಿ ನಾ ಮುದನಾಳದಿಂದ ಬಂದಿದ್ನಿ. ಕುಣಿ ತೋಡಿದವರು ನಾನು, ಅವ್ವ,” ಎಂದಳು ಮಗಳು. “ಎಳಕೊಂಡು ಹೋಗಬೇಕಾದ್ರ ಒಂದರ ಹೊಟ್ಟಿ ಕಲ್ಲಿಗಿ ತಾಗಿ ಒಡೀತು. ಒಳಗ ಬರೀ ನಿಮ್ಮ ದಾಣಿ. ಅವ್ವ ಕೈಯಾಗ ಹಿಡದು ಮೂಸಿ ನೋಡಿದ್ಳು. ಯಾರಿಗೂ ಹೇಳಬ್ಯಾಡ ಅಂತ ನನ್ನ ಬಾಯಿ ಮುಚ್ಚಿದ್ಳು.”

“ಯಾಕವ್ವ?” ಎಂದು ಕೇಳಿದೆ. ಕೇಳುವಾಗ ನನಗೆ ಉತ್ತರ ಗೊತ್ತಿದೆ ಎಂದುಕೊಂಡಿದ್ದೆ. ನನ್ನ ನೌಕರಿ ಹೋಗುತ್ತದೆ ಎಂದು, ತಮ್ಮ ಎಂದು ಕರೆದಿದ್ದಳಲ್ಲ ಎಂದು. ಅಂಥದ್ದೇನೋ ಹೇಳುತ್ತಾಳೆ ಎಂದು ಕಾದೆ.

“ನಾನೂ ಅದನ್ನs ಕೇಳಿದೆ. ‘ಅವನ ಕೂಡ ಕೆಡಿಸಿಕೊಂಡ್ರ ಉಳಿದ ನಾಕಕ್ಕ ಸೂಜಿ ಯಾರು ಮಾಡ್ತಾರ?’ ಅಂದ್ಳು. ಹೊಳಿ ದಂಡಿಗಿ ಬರೋದು ನೀವೊಬ್ರs ಇದ್ರಿ. ಅದಕ್ಕ ನಿಮ್ಮ ಕೂಡ ನಗತಿದ್ಳು, ಮಜ್ಜಿಗಿ ಕೊಡತಿದ್ಳು. ನೀವು ಹೋದ ಮ್ಯಾಲ ಲೋಟ ತಿಕ್ಕಬೇಕಾದ್ರ ಎಷ್ಟೋ ಸಲ ಅತ್ತಾಳ್ರಿ.”

ದೊಡ್ಡಿಯೊಳಗೆ ಯಾವುದೋ ಕೋಳಿ ಮೊಟ್ಟೆಯಿಟ್ಟು ಕೂಗತೊಡಗಿತು. ನಾನು ಎದ್ದು ಊರಿನ ಕಟ್ಟೆಗೆ ನಡೆದೆ.

ಕಟ್ಟೆಯ ಮೇಲೆ ಏಳೆಂಟು ಮಂದಿ ಇದ್ದರು. ಅಂದು ನನ್ನ ಬೈಕು ನಿಲ್ಲಿಸಿದವರಲ್ಲಿ ಒಬ್ಬ ಮುದುಕನೂ ಇದ್ದ. ನಿಂತುಕೊಂಡೇ ಹೇಳಿದೆ. ಆ ದೊಡ್ಡಿಗೆ ಯಾವ ರೋಗವೂ ಬಂದಿರಲಿಲ್ಲ, ಕೋಳಿಯಿಂದ ಆಡಿಗೆ ಏನೂ ಆಗಿರಲಿಲ್ಲ. ನಾನು ತಂದ ದಾಣಿಯನ್ನು ನಾನು ಹೇಳಿದ ಜಾಗದಲ್ಲಿ ಇಟ್ಟದ್ದಕ್ಕೆ ಸತ್ತವು. ಆಕೆ ಮೊದಲೇ ಕೇಳಿದ್ದಳು, ಆಡು ತಿಂದರೆ ಏನಾಗುತ್ತದೆ ಎಂದು. ಏನೂ ಆಗುವುದಿಲ್ಲ ಎಂದವನು ನಾನು. ಆಮೇಲೆ ರೋಗ ಎಂದು ಸುಳ್ಳು ಹೇಳಿದವನೂ ನಾನು.

ಮುದುಕ ಬಾಯಿಯೊಳಗಿನ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿದ.

“ಆಕಿ ಇರೋತನ ಬಾಯಾಗ ಏನ್ ಇಟಗೊಂಡಿದ್ರಿ ಸಾಹೇಬ್ರ?”



ನಾನು ದೊಡ್ಡಿಗೆ ವಾಪಸು ಬರುವ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಬಂದಿತ್ತು. ಪಕ್ಕದ ಮನೆಯ ಹೆಂಗಸು ಸೆರಗು ತಲೆಗೆ ಎಳೆದುಕೊಂಡು ಮಗಳ ಮುಂದೆ ನಿಂತಿದ್ದಳು. ಕಟ್ಟೆಯಿಂದಲೂ ಇಬ್ಬರು ನನ್ನ ಹಿಂದೆಯೇ ಬಂದರು.

“ಎರಡು ಮರಿ ನನಗ ಕೊಡವ್ವ,” ಎಂದಳು ಆ ಹೆಂಗಸು. “ನಿಮ್ಮವ್ವನ ನೆನಪಿಗಿ ಇರಲಿ.”

“ಇಲ್ಲರಿ,” ಎಂದಳು ಮಗಳು. “ಎಲ್ಲಾ ಒಯ್ತೀನಿ. ಜಾಗ ಹ್ಯಾಂಗರ ಮಾಡ್ತೀನಿ.”

ಅವಳ ಗಂಡ ಬಾಡಿಗೆ ಟೆಂಪೋ ತಂದಿದ್ದ. ಗಂಡ ಹೆಂಡತಿ ಇಬ್ಬರೇ ಆಡುಗಳನ್ನು ಒಂದೊಂದಾಗಿ ಎತ್ತಿ ಹತ್ತಿಸಿದರು. ನಾನು ಒಂದು ಮರಿಯನ್ನು ಎತ್ತಲು ಬಗ್ಗಿದೆ. ಅವಳು ಮೊದಲೇ ಅದನ್ನು ಎತ್ತಿಕೊಂಡಳು. ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ಆಡುಗಳ ನಡುವೆ ಇಟ್ಟರು. ನಾನು ಜೇಬಿನಿಂದ ಪೆನ್ನು ತೆಗೆದೆ. ಮುದನಾಳ ಯಾದಗಿರಿಗೆ ಹತ್ತಿರವೇ, ಯಾವಾಗ ಬೇಕಾದರೂ ಬರುತ್ತೇನೆ, ನನ್ನ ನಂಬರು ನಿನ್ನ ಫೋನಿನಲ್ಲಿ ಇರದಿದ್ದರೆ ಬರೆದು ಕೊಡುತ್ತೇನೆ ಎಂದೆ.

“ಅವ್ವಗ ನೀವು ಬೇಕಾಗಿದ್ರಿ,” ಎಂದಳು. ದನಿ ಏರಲಿಲ್ಲ. “ಬ್ಯಾರೆ ದಾರಿ ಇದ್ದಿದ್ದಿಲ್ಲ ಆಕಿಗಿ. ನಮ್ಮ ಕಡಿ ಬ್ಯಾರೆ ಡಾಕ್ಟರ್ ಅದಾರ. ನೀವು ಬರಬ್ಯಾಡ್ರಿ.”

ಟೆಂಪೋದ ಹಿಂದಿನ ಬಾಗಿಲನ್ನು ಎತ್ತಿ ಸರಪಳಿ ಹಾಕಿ, ಮುಂದೆ ಗಂಡನ ಪಕ್ಕ ಹತ್ತಿ ಕೂತಳು. ಟೆಂಪೋ ಶುರುವಾಯಿತು, ಮುಂದೆ ಹೋಗಲಿಲ್ಲ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನಿಮ್ಮ ಗಾಡಿ ಅಡ್ಡ ನಿಂತದ್ರಿ. ಸರಸ್ರಿ.”

ಸರಿಸಿದೆ.